ಹಾಯಿದೋಣಿಯಲ್ಲಿ ‘ಎಲ್ಲಿಗೆ’ ಅಂತ ಕೇಳಬಾರದು

ಅಡುಗೆಮನೆಯಲ್ಲಿ ನನ್ನ ಹೆಂಡತಿ ಸುಜಾತ ಶ್ಯಾವಿಗೆ ಪಾಯಸಕ್ಕೆ ಏಲಕ್ಕಿ ಕುಟ್ಟುತ್ತಿದ್ದಾಳೆ. ಈ ಘಮಕ್ಕೆ ನಿಮಗೆ ಹಬ್ಬವೋ ಮದುವೆಮನೆಯೋ ನೆನಪಾಗಬಹುದು. ನನಗೆ ಡೆನ್ಮಾರ್ಕ್ ನೆನಪಾಗುತ್ತದೆ. ನಗಬೇಡಿ, ಅಲ್ಲಿನ ದ್ವೀಪಗಳ ಬೇಕರಿಯವರು ಬನ್ನಿಗೆ ನಮಗಿಂತ ಧಾರಾಳವಾಗಿ ಏಲಕ್ಕಿ ಹಾಕುತ್ತಾರೆ. ಅದನ್ನು ತಿಳಿಯುವುದಕ್ಕೆ ನಾನೊಂದು ಬೈಪಾಸ್ ಸರ್ಜರಿ ಮಾಡಿಸಿಕೊಳ್ಳಬೇಕಾಯಿತು.

ಸುಜಾತ ಮಂಡ್ಯದ ಕಡೆಯವಳು. ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಿದರೆ ಹೋದ ಕೆಲಸ ಕೆಡುತ್ತದೆ ಎನ್ನುವುದು ಅವಳ ತೌರಿನ ನಂಬಿಕೆ. ಅಮೆರಿಕದ ವೆಸ್ಟ್ ವಿಂಡ್ಸರಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ನಾನು ದಿನಾ ಮ್ಯಾನ್‌ಹಟನ್ನಿನ ಅದೇ ರೈಲಿಗೆ ಹೋಗುವುದು ಗೊತ್ತಿದ್ದೂ, ಬಾಗಿಲಲ್ಲಿ ನಿಂತು “ದೂರ ಹೊರಟ್ರಾ?” ಎನ್ನುವಳು. “ಅಮ್ಮಾ, ಹೀ ಈಸ್ ಜಸ್ಟ್ ಗೋಯಿಂಗ್ ಟು ವರ್ಕ್!” ಎಂದು ಮಗಳು ನಗುವಳು.

ಸರ್ಜರಿಯಾದ ಮೇಲೆ ಆ ಶಾಸ್ತ್ರ ಮೂಲೆ ಸೇರಿತು. ಕಾರಿನ ಕೀ ಅವಳ ಪರ್ಸು ಸೇರಿತು. ನಾನು ಮೇಲ್‌ಬಾಕ್ಸಿನವರೆಗೆ ಹೋದರೂ “ಎಲ್ಲಿಗೆ? ಎಷ್ಟೊತ್ತು? ಫೋನ್ ಇದೆಯಾ?” ಡ್ರೈವ್ ಮಾಡಬಹುದು ಎಂದು ಡಾಕ್ಟರು ಹೇಳಿ ತಿಂಗಳುಗಳಾಗಿದ್ದವು. ಅವಳ ಭಯಕ್ಕೆ ಮಾತ್ರ ಡಾಕ್ಟರಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಅವಳ ಮುಖ ನೋಡಿದರೆ ಇಳಿಯುತ್ತಿತ್ತು. ಉಳಿದ ಆಯುಷ್ಯವೆಲ್ಲ ಪ್ಯಾಸೆಂಜರ್ ಸೀಟಿನಲ್ಲೇ ಎಂದು ಒಳಗೊಳಗೇ ಹೆದರಿದ್ದೆ.

ಆಗ ಮಗಳು ಡೆನ್ಮಾರ್ಕಿನ ಕ್ರೂಸ್ ಬುಕ್ ಮಾಡಿದಳು. ಕ್ರೂಸ್ ಅಂದರೆ ಬಫೆ, ಈಜುಕೊಳ ಎಂದುಕೊಂಡು ನಾನು ಟೈ ಕೂಡ ಇಟ್ಟುಕೊಂಡೆ. ಅಲ್ಲಿ ನಿಂತಿದ್ದದ್ದು ಎಂಟು ಜನ ಮುದುರಿ ಮಲಗುವ ಹಾಯಿದೋಣಿ. ಪ್ರಯಾಣಿಕರೇ ಹಗ್ಗ ಎಳೆಯಬೇಕು, ಆಲೂಗಡ್ಡೆ ಸುಲಿಯಬೇಕು. ನಮ್ಮ ದೊಡ್ಡ ಸೂಟ್‌ಕೇಸುಗಳಿಗೆ ಜಾಗವಿಲ್ಲದೆ ಅವು ಬಂದರಿನಲ್ಲೇ ಉಳಿದವು, ಟೈ ಸಮೇತ. ಚಟ್ನಿಪುಡಿ ಡಬ್ಬಿ ಮಾತ್ರ ಸುಜಾತಳ ಮಡಿಲಲ್ಲಿ ಕೂತು ಬಂತು.

ದೋಣಿಯ ಒಡತಿ ಕಿರ್ಸ್ಟೆನ್, ನಮ್ಮ ವಯಸ್ಸಿನವಳೇ. ಮೊದಲ ಬೆಳಿಗ್ಗೆ ನಾನು ಇಂಗ್ಲಿಷಿನಲ್ಲಿ “ಇವತ್ತು ಎಲ್ಲಿಗೆ?” ಎಂದು ಕೇಳಿದೆ.

“ಬಂದರು ದಾಟುವವರೆಗೆ ನಾನು ಹೇಳುವುದಿಲ್ಲ. ಗಾಳಿ ತಿರುಗಿದರೆ ಸುಳ್ಳಿಯಾಗುತ್ತೇನೆ,” ಅಂದಳು.

ಸುಜಾತ ನನ್ನನ್ನು ತಿವಿದಳು. “ನೋಡಿದ್ರಾ? ಈಯಮ್ಮಂಗೂ ಗೊತ್ತು, ಕೇಳಬಾರದು ಅಂತ.”

“ಮತ್ತೆ ನೀನು?” ಅಂದೆ. ಅವಳು ಆಲೂಗಡ್ಡೆಯ ಕಡೆ ತಿರುಗಿಕೊಂಡಳು.

ಒಂದು ಮಧ್ಯಾಹ್ನ ಕಿರ್ಸ್ಟೆನ್ ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟಳು. “ರೀ, ಬೇಡ, ಕೊಟ್ಬಿಡಿ ಅವರಿಗೇ! ಎದೆಗೆ ಸ್ಟ್ರೈನ್ ಆಗತ್ತೆ,” ಎಂದು ಸುಜಾತ ಎದ್ದಳು. ನನ್ನ ಹೃದಯದ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಕಿರ್ಸ್ಟೆನ್ ಪೂರ್ತಿ ಕೇಳಿ, ಮುಂದಿನ ಹಾಯಿಯ ಹಗ್ಗವನ್ನು ಅವಳ ಕೈಗಿಟ್ಟಳು. “ಅವನನ್ನು ನೋಡಬೇಡ, ಹಾಯಿ ನೋಡು. ಪಟಪಟ ಅಂದರೆ ಎಳೆ.”

ಮೊದಮೊದಲು ಸುಜಾತ ನನ್ನ ಕಡೆ ಕದ್ದು ನೋಡುವಳು. ಅಷ್ಟರಲ್ಲಿ ಹಾಯಿ ಪಟಪಟ ಎನ್ನುವುದು. ಆಮೇಲೆ ದೋಣಿ ವಾಲಿತು, ನೀರು ಎರಚಿತು, ಕೆಳಗೆ ಚಟ್ನಿಪುಡಿ ಡಬ್ಬಿ ಗಡಗಡ ಉರುಳಿತು. ಅದನ್ನೂ ಅವಳು ಲೆಕ್ಕಿಸಲಿಲ್ಲ. ಕಾಲು ಗಟ್ಟಿಯಾಗಿ ಊರಿ, ಬಿಚ್ಚಿದ ಕೂದಲಲ್ಲಿ, ಗಟ್ಟಿಯಾಗಿ ನಗುತ್ತಿದ್ದಳು. ಅಷ್ಟು ಹೊತ್ತೂ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಪರೇಷನ್ ಥಿಯೇಟರಿನಿಂದ ಹೊರಬಂದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಮರುದಿನ ಏರೋ ಎಂಬ ದ್ವೀಪದಲ್ಲಿ ನಾನೊಬ್ಬನೇ ದಡಕ್ಕಿಳಿದೆ. ಹಗ್ಗ ಸುತ್ತುತ್ತಿದ್ದವಳು ತಲೆಯೆತ್ತಿದಳು. ಕಿವಿ ನೆಟ್ಟಗೆ ಮಾಡಿ ನಿಂತೆ.

“ದೂರ ಹೊರಟ್ರಾ?”

ಬಿಸಿ ಬನ್ನು ತಂದೆ. “ಅಯ್ಯೋ, ಏಲಕ್ಕಿ!” ಎಂದು ಮೂಸಿ ಮೂಸಿ ನೋಡಿ, ಅದಕ್ಕೂ ಚಟ್ನಿಪುಡಿ ಹಚ್ಚಿಕೊಂಡೇ ತಿಂದಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ನ್ಯೂಅರ್ಕ್ ವಿಮಾನನಿಲ್ದಾಣದಲ್ಲಿ ಇಳಿಯುತ್ತಲೇ ಕೀ ಮತ್ತೆ ಪರ್ಸಿಗೆ ಹೋಯಿತು. ಒಂದು ವಾರದ ಗಾಳಿಗೆ ಹಾರಿಹೋಗುವ ಭಯ ಅದಲ್ಲ. ನಾನೂ ಸುಮ್ಮನೆ ಪಕ್ಕದ ಸೀಟಿನಲ್ಲಿ ಕೂತೆ.

ಈಗ ಕುಟ್ಟುವ ಸದ್ದು ನಿಂತಿದೆ. “ಪಾಯಸಕ್ಕೆ ಹಾಲು ಸಾಲದು,” ಎನ್ನುತ್ತ ಸುಜಾತ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಪರ್ಸು ತೆಗೆದಳು. ಒಂದು ಗಳಿಗೆ ತಡೆದು, ಕೀಯನ್ನು ನನ್ನ ಮುಂದಿಟ್ಟಳು. ನಾನು ನಿಧಾನವಾಗಿ ಶೂ ಹಾಕಿಕೊಂಡು ಬಾಗಿಲವರೆಗೆ ಬಂದೆ. ಕಳಿಸುತ್ತಿರುವವಳು ಅವಳೇ, ಆದರೂ ಹಿಂದಿನಿಂದ ಕೇಳಿದಳು: “ದೂರ ಹೊರಟ್ರಾ?”

“ಸ್ವಲ್ಪ ದೂರ,” ಅಂದೆ.

ಹಾಲಿನ ಅಂಗಡಿ ಇಲ್ಲೇ ಪಕ್ಕದಲ್ಲಿದೆ. ಆದರೆ ಇವತ್ತು ಗಾಳಿ ಚೆನ್ನಾಗಿದೆ. ಎಲ್ಲಿಗೆ ಅಂತ ನೀವೂ ಕೇಳಬೇಡಿ.