ಕಂದಕದಾಚೆಗೆ ಹೋದ ಮರಳು

ನಮ್ಮಪ್ಪ ಮೊಸ್ಬಾನಿಗೆ ಓದು ಬರಹ ಬರುವುದಿಲ್ಲ. ಆದರೆ ಮರಳ ಮೇಲೆ ಬಿದ್ದ ಒಂಟೆಯ ಹೆಜ್ಜೆ ನೋಡಿ, ಅದು ಯಾರ ಮನೆಯದು, ನೀರು ಕುಡಿದು ಎಷ್ಟು ದಿನವಾಯಿತು, ಬೆನ್ನ ಮೇಲೆ ಹೊರೆ ಇದೆಯೋ ಇಲ್ಲವೋ ಎಲ್ಲ ಹೇಳುತ್ತಾನೆ. ಲಿಬಿಯಾ ಗಡಿಗೆ ಹತ್ತಿದ ನಮ್ಮೂರು ಬೆನ್ ಗರ್ದಾನ್ ಸುತ್ತಮುತ್ತ ಒಂಟೆ ಕಳೆದುಕೊಂಡವರು ಮೊದಲು ಬಂದು ಬಾಗಿಲು ತಟ್ಟುವುದು ನಮ್ಮ ಮನೆಯದನ್ನೇ. ‘ನಾನು ಒಂದೇ ಒಂದು ಸಲಾನೂ ತಪ್ಪಿಲ್ಲ’ ಎಂದು ಅಪ್ಪ ದಿನಕ್ಕೆ ಮೂರು ಬಾರಿಯಾದರೂ ಹೇಳಿಕೊಳ್ಳುತ್ತಿದ್ದ. ಊರ ಶಾಲೆಯಲ್ಲಿ ಪಾಠ ಮಾಡುವ ಮಗಳು ನನಗೆ ಆ ಜಂಭ ಕಂಡರೆ ಮೈ ಉರಿಯುತ್ತಿತ್ತು. ಬೇರೆ ಯಾರಾದರೂ ಅವನನ್ನು ಆಡಿಕೊಂಡರೆ ಇನ್ನೂ ಹೆಚ್ಚು ಉರಿಯುತ್ತಿತ್ತು.

ಗಡಿ ಕಾಯುವ ಗೋಡೆಗಳಿಗೂ ನಮ್ಮ ಮನೆಗೂ ಹಳೆಯ ನಂಟು. ಲಿಬಿಯಾದಿಂದ ಇಟಲಿಯವರು ನುಗ್ಗಿಬಿಟ್ಟಾರೆಂದು ಫ್ರೆಂಚರು ಮಾರೆತ್‌ನಲ್ಲಿ ಕಾಂಕ್ರೀಟಿನ ಕೋಟೆಸಾಲು ಕಟ್ಟಿಸಿದಾಗ ನಮ್ಮಜ್ಜ ಅಲ್ಲಿ ಸಿಮೆಂಟು ಹೊತ್ತಿದ್ದ. ಕೊನೆಗೆ ಯುದ್ಧ ಬಂದಾಗ ದಾಳಿಯ ಸೈನ್ಯ ಕೋಟೆಸಾಲನ್ನು ಬಿಟ್ಟು, ಗುಡ್ಡ ಬಳಸಿಕೊಂಡು ಹಿಂದಿನಿಂದ ಬಂತು. ‘ಗುಡ್ಡದ ಹಿಂದೆ ಒಂಟೆ ದಾರಿ ಇದೆ ಅಂತ ನಮ್ಮಪ್ಪ ಬಡ್ಕೊಂಡ, ಕೇಳೋರ್ಯಾರು?’ ಎಂದು ಅಪ್ಪ ಹೇಳುವ ಠೀವಿ ನೋಡಿದರೆ ಆ ಯುದ್ಧವನ್ನು ನಮ್ಮಜ್ಜನೇ ಗೆದ್ದನೇನೋ ಅನ್ನಬೇಕು. ಈಗ ಆ ಕೋಟೆಗಳೊಳಗೆ ಜನ ಆಡು ಕಟ್ಟುತ್ತಾರೆ.

ನಮ್ಮ ಕಾಲಕ್ಕೆ ಬಂದದ್ದು ಮರಳಿನ ಒಡ್ಡು, ಅದರ ಮುಂದೆ ಉಪ್ಪುನೀರು ನಿಂತ ಕಂದಕ. ಬಂದೂಕು ಬರಬಾರದು, ಕಳ್ಳ ಸರಕು ಬರಬಾರದು. ಸರಿಯೇ, ಆದರೆ ಒಂಟೆಗಳಿಗೆ ಇದನ್ನು ಹೇಳುವವರು ಯಾರು? ಅವಕ್ಕೆ ಎರಡೂ ಕಡೆ ಒಂದೇ ಮೇವು. ಕಂದಕದ ತಳದಲ್ಲಿ ಜಾರು ಕೆಸರು. ಅದರಲ್ಲಿ ಒಂಟೆಯ ಕಾಲು ಅಗಲಕ್ಕೆ ಜಾರಿದರೆ ಎದೆ ಸೀಳಿದಂತೆಯೇ, ಮತ್ತೆ ಏಳುವುದಿಲ್ಲ. ಕಾವಲು ಠಾಣೆಯವರು ಅಪ್ಪನನ್ನು ಹೆಜ್ಜೆ ಓದುವುದಕ್ಕೆಂದು ಇಟ್ಟುಕೊಂಡರು. ಅಲ್ಲಿನ ಲೆಫ್ಟಿನೆಂಟ್ ಸುಫ್ಯಾನ್ ಉತ್ತರದ ಕಡೆಯ ಹುಡುಗ. ವಯಸ್ಸಾದವರನ್ನೆಲ್ಲ ‘ಹಾಜಿ’ ಎಂದೇ ಕರೆಯುತ್ತಿದ್ದ. ‘ನಾನಿನ್ನೂ ಹಜ್‌ಗೆ ಹೋಗಿಲ್ಲಪ್ಪ, ಹಾಗನ್ಬೇಡ’ ಎಂದು ಅಪ್ಪ ಪ್ರತಿ ಸಲವೂ ಗೊಣಗುತ್ತಿದ್ದ.

ಹೋದ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಠಾಣೆಯಿಂದ ಫೋನ್ ಬಂತು. ಪಿಕಪ್ಪಿನಲ್ಲಿ ಅಪ್ಪನನ್ನು ನಾನೇ ಕರೆದುಕೊಂಡು ಹೋದೆ. ಕಂದಕದ ಆಚೆ ದಂಡೆಯಲ್ಲಿ ಕೆಂಪು ಒಂಟೆಯೊಂದು ಒಂಟಿಯಾಗಿ ಅತ್ತಿಂದಿತ್ತ ತಿರುಗುತ್ತಿತ್ತು.

“ಮೂರು ದಿನದಿಂದ ಹೀಗೇ ಹಾಜಿ,” ಎಂದ ಸುಫ್ಯಾನ್. “ಕಳ್ಳರು ಒಂಟೆಗೆ ಆಳಿಲ್ಲದೆ ತಾನೇ ಗಡಿ ದಾಟಿ ಬರೋದನ್ನ ಕಲಿಸ್ತಾರೆ, ಆಮೇಲೆ ಹೊರೆ ಹೇರಿ ಬಿಡ್ತಾರೆ. ಇದಕ್ಕೂ ದಾರಿ ಕಲಿಸ್ತಿದಾರೆ. ಕಂದಕಕ್ಕೆ ಇಳೀತೋ, ಗುಂಡು ಹಾರಿಸ್ತೀನಿ.”

ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. “ಮುಂದಿನ ಎಡಗಾಲು ಒಳಕ್ಕೆ ತಿರುಗ್ತಿದೆ ನೋಡು. ಅದು ನಮ್ಮ ಹಮ್ರಾ. ಎರಡು ವರ್ಷದ ಹಿಂದೆ ಆ ಕಡೆಯ ಲಮ್ಲೂಮ್‌ಗೆ ಮಾರಿದ್ದೆ. ತುಂಬು ಗಬ್ಬ. ಈಯೋದಕ್ಕೆ ಬಂದಿದೆ.”

“ನಿಮ್ದಾ? ಚೆನ್ನಾಯ್ತು ಬಿಡಿ! ಹೆಜ್ಜೆ ಓದೋರ ಮನೆ ಒಂಟೇನೇ ಗಡಿ ದಾಟ್ತಿದೆ ಅಂತ ಮೇಲಿನವರಿಗೆ ಬರೀಲಾ?”

ಖಾರವಾದ ಉತ್ತರ ನನ್ನ ನಾಲಿಗೆ ತುದಿಗೆ ಬಂದಿತ್ತು. ಅಪ್ಪ ಕಣ್ಣಲ್ಲೇ ತಡೆದ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಒಮ್ಮೆ ಈದ ಒಂಟೆಯನ್ನು ಮಾರುವಾಗ, ಅದು ಈದ ಜಾಗದ್ದೇ ಒಂದು ಚೀಲ ಮರಳನ್ನು ಕೊಂಡವನಿಗೆ ಕೊಡಬೇಕು. ಮತ್ತೆ ದಿನ ತುಂಬಿದಾಗ ಅವನು ಅದನ್ನು ಹಾಸುತ್ತಾನೆ, ಒಂಟೆ ಅಲ್ಲೇ ಮಲಗುತ್ತದೆ. ಇಲ್ಲದಿದ್ದರೆ ಆ ಮಣ್ಣನ್ನು ಹುಡುಕಿಕೊಂಡು ಎಷ್ಟು ದೂರವಾದರೂ ಹೊರಟುಬಿಡುತ್ತದೆ. ಲಮ್ಲೂಮ್‌ಗೆ ಅಪ್ಪ ನಾಲ್ಕು ಜನರ ಎದುರೇ ಚೀಲ ಕೊಟ್ಟಿದ್ದ. ಚಹಾ ಕೊಟ್ಟವಳು ನಾನೇ.

“ಮರಳು ಕೊಟ್ಟಿದ್ರೆ ಮತ್ತೆ ಯಾಕ್ ಬಂತು?” ಎಂದ ಸುಫ್ಯಾನ್. ದಕ್ಷಿಣದಲ್ಲಿ ನಾಲ್ಕು ವರ್ಷ ಕಳೆದವನಿಗೆ ಅಷ್ಟು ಗೊತ್ತಿತ್ತು.

ಅಪ್ಪ ಸುಫ್ಯಾನ್ ಕಡೆ ತಿರುಗಿದ. “ನಾನು ಕೊಟ್ಟದ್ದು ಮನೆ ಹಿಂದಿನ ಮರಳು. ಅವತ್ತು ಕೆಟ್ಟ ಬಿಸಿಲು. ಅದು ಈದ ಜಾಗಕ್ಕೆ ಹೋಗಿಬರೋಕೆ ಅರ್ಧ ದಿನ ಬೇಕಿತ್ತು. ಯಾರಿಗ್ ಗೊತ್ತಾಗುತ್ತೆ ಅಂದ್ಕೊಂಡೆ.”

ನಾನು ದಂಗಾಗಿಹೋದೆ. ಮರಳಿನಲ್ಲಿ ಮೋಸ ಮಾಡಿದವನ ಹತ್ತಿರ ನಮ್ಮ ಜನ ಮತ್ತೆ ಒಂಟೆ ಕೊಳ್ಳುವುದಿಲ್ಲ. ಅವನ ಜೊತೆ ಕೂತು ಊಟವನ್ನೂ ಮಾಡಲಿಕ್ಕಿಲ್ಲ. ಅಂಥದ್ದನ್ನು ಅಪ್ಪ ಆರು ಜನ ಸಿಪಾಯಿಗಳ ಎದುರು ಹೇಳಿದ್ದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ನನ್ನ ಫೋನಿನಲ್ಲಿ ಲಮ್ಲೂಮ್‌ಗೆ ಕರೆ ಮಾಡಿಸಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕು ಎಂದ.

“ಮೂರು ಸಲ ಕಾಲು ಕಟ್ಟಿದೆ, ಮೂರು ಸಲಾನೂ ಹಗ್ಗ ಕಿತ್ಕೊಂಡು ಓಡ್ತು ಮಾರಾಯ!” ಲಮ್ಲೂಮ್ ಆ ಕಡೆಯಿಂದ ಕೂಗಾಡಿದ. “ಒಂಟೆಗೆ ಹುಚ್ಚು ಹಿಡಿದಿದೆ ಅಂದ್ಕೊಂಡೆ!”

“ಒಂಟೆಗಲ್ಲ, ನನಗೆ ಹಿಡಿದಿತ್ತು. ನಾನು ಕೊಟ್ಟ ಮರಳು ಸುಳ್ಳು. ಸಂತೇಲಿ ಹೇಳ್ಕೊಂಡು ತಿರುಗು ಬೇಕಾದ್ರೆ. ಈಗ ಮೊದಲು ಗಾಡಿ ಹತ್ತು.”

ಫೋನಿನಲ್ಲಿ ಗಾಡಿಯ ಬಾಗಿಲು ಬಡಿದ ಸದ್ದು ಕೇಳಿಸಿತು.

ಸುಫ್ಯಾನ್ ಗಡಿಯಾರ ನೋಡಿಕೊಂಡ. “ಒಂದು ಗಂಟೆ ಹಾಜಿ, ಅದು ಈದ ಜಾಗದ ಮರಳು ತನ್ನಿ. ಅಷ್ಟರಲ್ಲಿ ಇಳಿದ್ರೆ ನನ್ನ ಕೈಲಿಲ್ಲ.” ಸಿಪಾಯಿಯೊಬ್ಬನನ್ನು ನಮ್ಮ ಜೊತೆ ಕಳಿಸಿದ.

ಕಾವಲು ವಲಯದೊಳಗೆ ಅಪ್ಪ ತೋರಿಸಿದ ಕಡೆಗೆ ಗಾಡಿ ಓಡಿಸಿದೆ. ನನ್ನ ಕಣ್ಣಿಗೆ ಎಲ್ಲವೂ ಒಂದೇ ಬಯಲು, ಅದೇ ಒಣಪೊದೆ. ಅಪ್ಪ ಇಳಿದು ಎರಡು ಕಡೆ ಮಂಡಿಯೂರಿ ಮರಳು ಮೂಸಿ ಅಲ್ಲವೆಂದು ತಲೆಯಾಡಿಸಿದ. ಮೂರನೆಯ ಕಡೆ ಸುಮ್ಮನೆ ಕೂತುಬಿಟ್ಟ. “ಇಲ್ಲೇ ಟೀಚರಮ್ಮ. ಚೀಲ ಹಿಡಿ,” ಎಂದ. ಎರಡೂ ಕೈಯಿಂದ ಮರಳು ಬಾಚಿ ತುಂಬಿದ.

ವಾಪಸು ಬಂದಾಗ ಹಮ್ರಾ ಮುಂಗಾಲೆರಡನ್ನೂ ಇಳಿಜಾರಿಗೆ ಇಟ್ಟಾಗಿತ್ತು. ಒಬ್ಬ ಸಿಪಾಯಿ ಬಂದೂಕು ಗುರಿ ಹಿಡಿದಿದ್ದ. ಸುಫ್ಯಾನ್ ಅವನ ಭುಜದ ಮೇಲೆ ಕೈಯಿಟ್ಟು ತಡೆದು ನಿಂತಿದ್ದ. ನಮ್ಮ ಒಂದು ಗಂಟೆ ಯಾವಾಗಲೋ ಮುಗಿದಿತ್ತು.

ಮರಳು ಆಚೆ ಹೋಗಬೇಕು, ಹೇಗೆ? ಸಿಪಾಯಿಯೊಬ್ಬ ಸಾಕ್ಸ್ ಬಿಚ್ಚಿ ಅದರಲ್ಲಿ ತುಂಬಿ ಎಸೆಯೋಣ ಎಂದ. “ಆ ವಾಸನೆಗೆ ಒಂಟೆ ಈಯೋದನ್ನೇ ಮರೆತುಬಿಡುತ್ತೆ ಕಣಪ್ಪ!” ಎಂದು ಅಪ್ಪ ತನ್ನ ತಲೆವಸ್ತ್ರವನ್ನೇ ಬಿಚ್ಚಿ ಪರಪರ ಹರಿದ. ಅವನ ಬರಿದಲೆಯನ್ನು ಮನೆಯ ಹೊರಗೆ ನಾನು ನೋಡಿದ್ದು ಅವತ್ತೇ ಮೊದಲು. ಬಿದ್ದ ಕೂಡಲೇ ಬಿಚ್ಚಿಕೊಳ್ಳುವಂತೆ ಸಡಿಲ ಗಂಟು ಹಾಕಿ ಒಂಬತ್ತು ಪೊಟ್ಟಣ ಕಟ್ಟಿದ. ಕಾಲೇಜಿನಲ್ಲಿ ಹ್ಯಾಂಡ್‌ಬಾಲ್ ಆಡಿದ್ದ ಸುಫ್ಯಾನ್ ತೋಳು ಮಡಚಿ ಒಂದೊಂದಾಗಿ ಎಸೆದ. ಎರಡು ನೀರಿಗೆ ಬಿದ್ದವು. ಏಳು ಆಚೆ ದಂಡೆಯ ಮೇಲೆ ಬಿದ್ದು ಚೆಲ್ಲಿಕೊಂಡವು.

ಹಮ್ರಾ ಕತ್ತೆತ್ತಿತು. ಇಳಿಜಾರಿನಿಂದ ಕಾಲು ಹಿಂತೆಗೆದು, ಹೋಗಿ, ಮೂಸಿತು. ಆಮೇಲೆ ಅಲ್ಲೇ ಮುಂಗಾಲು ಮಡಚಿ ಕೂತಿತು. ಸಿಪಾಯಿ ಬಂದೂಕು ಇಳಿಸಿದ.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹಮ್ರಾ ಈಯಿತು. ಅಷ್ಟರಲ್ಲಿ ಲಮ್ಲೂಮ್‌ನ ಗಾಡಿಯೂ ಆಚೆ ಬಂದು ನಿಂತಿತು. ಅವನು ಮರಿಯನ್ನೊಮ್ಮೆ, ಚೆಲ್ಲಿದ ಮರಳು ಬಟ್ಟೆಚೂರುಗಳನ್ನೊಮ್ಮೆ, ಅಪ್ಪನ ಬರಿದಲೆಯನ್ನೊಮ್ಮೆ ನೋಡಿ, ಬಾಯಿಗೆ ಕೈ ಕೊಟ್ಟು ಕೂಗಿದ: “ಮೊಸ್ಬಾ! ಸಂತೇಲಿ ಹೇಳೇ ಹೇಳ್ತೀನಿ ಕಣೋ!”

“ಹೇಳು ಹೇಳು!”

“ಮರಳು ಕೊಡೋಕೆ ತಲೆವಸ್ತ್ರ ಹರಿದ ಅಂತಾನೂ ಹೇಳ್ತೀನಿ!”

ಅಪ್ಪ ಬರಿದಲೆ ಸವರಿಕೊಂಡ. ಒಂದು ಸಲವೂ ತಪ್ಪದ ಮೊಸ್ಬಾನ ಮಗಳು ಅಂತ ನಾನು ಎಷ್ಟೋ ಸಲ ಎದೆಯುಬ್ಬಿಸಿದ್ದೇನೆ. ತಪ್ಪಿದ ಮೊಸ್ಬಾನ ಮಗಳಾಗಿ ಅವತ್ತು ಆದಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಮರಿ ತೂರಾಡುತ್ತ ಎದ್ದು ನಾಲ್ಕು ಹೆಜ್ಜೆ ಹಾಕಿತು. ಆಚೆ ದಂಡೆಯ ಹೆಜ್ಜೆ ಬರಿಗಣ್ಣಿಗೆ ಕಾಣುವಂತಿರಲಿಲ್ಲ. ಸುಫ್ಯಾನ್ ತನ್ನ ದುರ್ಬೀನನ್ನು ಕೊರಳಿಂದ ತೆಗೆದು ಅಪ್ಪನ ಕೈಗಿತ್ತ.

“ಓದಿ ಹಾಜಿ.”

ಅಪ್ಪ ಈ ಸಲ ಗೊಣಗಲಿಲ್ಲ. ಬಹಳ ಹೊತ್ತು ನೋಡಿದ.

“ಎಡಗಾಲು ಒಳಕ್ಕೇ ತಿರುಗ್ತಿದೆ,” ಎಂದ. “ನಮ್ಮನೇದೇ.”