ಮೂರ್ಛೆ ಹೋದ ಸಾಹೇಬ

ಪತ್ತೇದಾರಿ ಕತೆಯಲ್ಲಿ ಯಾರೂ ಸಾಯದಿದ್ದರೆ ಕೇಳುವವನ ಗತಿ ಏನು? ಮಿರಜೆಯ ದವಾಖಾನೆಯಲ್ಲಿ ನಾನು ಮಲಗಿದ್ದ ಆ ಕ್ರಿಸ್‌ಮಸ್ಸಿನಲ್ಲಿ (ನಮ್ಮ ಕಡೆ ಅದು ನಾತಾಳ) ನನಗೆ ಒದಗಿದ್ದು ಅದೇ ಗತಿ.

ಇನ್ನೂ ಸಂಸ್ಥಾನದ ಕಾಲ. ಸಾಂಗ್ಲಿಯಲ್ಲಿ ನಮ್ಮದು ಅರಿಷಿಣದ ಅಡತಿ ಅಂಗಡಿ, ಅಂದರೆ ದಲ್ಲಾಳಿ ವ್ಯಾಪಾರ. ಹೊಸ ಗೋಣಿಚೀಲಗಳ ಗಂಟಿಗೆ ಬಿಗಿದಿದ್ದ ಕಬ್ಬಿಣದ ಪಟ್ಟಿಯನ್ನು ಕತ್ತರಿಸುವಾಗ ಅದು ಸಿಡಿದು ನನ್ನ ಎಡಗಣ್ಣಿಗೆ ಬಡಿಯಿತು. ಕಾಕಾ, ಅಂದರೆ ಅಪ್ಪನ ತಮ್ಮ, ನನ್ನನ್ನು ಟಾಂಗಾದಲ್ಲಿ ಹಾಕಿಕೊಂಡು ಮಿರಜೆಗೆ ಬಂದರು. ಶಸ್ತ್ರಕ್ರಿಯೆಯ ನಂತರ ಎರಡೂ ಕಣ್ಣಿಗೆ ಬ್ಯಾಂಡೇಜು. ಮಿಸುಕಾಡುವಂತಿಲ್ಲ, ಅಳುವಂತಿಲ್ಲ. ಕಣ್ಣು ಉಳಿದೀತೇ ಎಂಬುದೊಂದೇ ತಲೆಯಲ್ಲಿ. ಡಾಕ್ಟರು ಕಾಕಾರನ್ನು ಹೊರಗೆ ಕರೆದು ಏನೋ ಹೇಳಿದರು. ಒಳಗೆ ಬಂದ ಕಾಕಾ, "ಎಲ್ಲಾ ಚಲೋ ಐತಿ ಅಂದ್ರು" ಎಂದರು. ನಾನು ನಂಬಿದೆ.

ಹೊತ್ತು ಹೋಗಲೆಂದು ನರ್ಸ್ ಬಾಯಿಯೊಬ್ಬರು ಮರಾಠಿ ಪುಸ್ತಕ ಕೊಟ್ಟರು. ನಾತಾಳದ ಹಿಂದಿನ ದಿನ ಗುಡ್ಡದ ಮೇಲಿನ ಬಂಗಲೆಯಲ್ಲಿ ನಡೆಯುವ ಪತ್ತೇದಾರಿ ಕತೆ. ಕಾಕಾ ಮನಸ್ಸಿನಲ್ಲೇ ಓದಿಕೊಂಡು ನನಗೆ ಕನ್ನಡದಲ್ಲಿ ಹೇಳತೊಡಗಿದರು.

"ದೊಡ್ಡ ಸಾಹೇಬ ಊಟಕ್ಕ ಕುಂತಾನ. ಒಂದು ಗುಟುಕು ಕುಡದ. ಧಪ್ಪಂತ ಬಿದ್ದ. ಮೂರ್ಛೆ ಹೋದ."

ಮೂರ್ಛೆಯೇ? ಇರಲಿ ಅಂದುಕೊಂಡೆ. ಪೊಲೀಸರು ಬಂದರು. ಹೆಂಡತಿ ಎದೆ ಬಡಿದುಕೊಂಡು ಅತ್ತಳು. ಪತ್ತೇದಾರ ಗ್ಲಾಸು ಮೂಸಿ ನೋಡಿದ.

"ಮೂರ್ಛೆ ಹೋದ್ರ ಪೊಲೀಸರು ಯಾಕ್ರಿ ಕಾಕಾ?"

"ಸಾಹೇಬರ ಮನಿ. ಹಂಗ ಬರ್ತಾರ."

"ಈಗರೆ ಎಚ್ಚರಾದನೇನು?"

"ಇನ್ನೂ ಇಲ್ಲ. ಪೆಟ್ಟಿಗ್ಯಾಗ ಮಲಗಿಸಿ ತ್ವಾಟಕ್ಕ ಒಯ್ದಾರ. ಗಾಳಿಗೆ."

ಮೈಯೆಲ್ಲ ಉರಿದುಹೋಯಿತು. ಪಕ್ಕದ ವಾರ್ಡಿನಲ್ಲಿ ನಾತಾಳದ ಹಾಡು ನಡೆದಿತ್ತು, ಕೇಕು ಹಂಚುತ್ತಿದ್ದರು. ನನಗೆ ಮಾತ್ರ ಕೊಲೆಯೇ ಇಲ್ಲದೆ ಕೊಲೆಗಾರನನ್ನು ಹುಡುಕುವ ಶಿಕ್ಷೆ. ವಿಷ ಹಾಕಿದವರು ಯಾರು ಎಂದರೆ ಕಾಕಾ ವಿಷವನ್ನೂ ಒಪ್ಪಲಿಲ್ಲ. ಅಜೀರ್ಣ ಎಂದರು.

"ಅಂವ ಸತ್ತಾನ ಅಂತ ಒಮ್ಮೆ ಅನ್ರಿ!" ಎಂದು ಚೀರಿದೆ.

"ಬಿಡ್ತು ಅನ್ನು!" ಕಾಕಾ ಗದರಿದರು. "ಬ್ಯಾನಿ ಬಿದ್ದವರ ಹಾಸಿಗಿ ಮುಂದ ಅಂಥಾ ಮಾತು ಬಾಯಾಗ ತರಬಾರದು. ಕೆಟ್ಟದ್ದು ಏನಿದ್ರೂ ಮನಿಗೆ ಹೋದಮ್ಯಾಲೆ."

ನಮ್ಮ ಮನೆಯ ಪದ್ಧತಿಯೇ ಅದು. ಅಜ್ಜಿ ಹಾಸಿಗೆ ಹಿಡಿದಾಗಲೂ ಊರಿನ ಒಂದು ಸಾವಿನ ಸುದ್ದಿಯನ್ನೂ ಅವಳ ಕಿವಿಗೆ ಹಾಕಿರಲಿಲ್ಲ. ಸಿಟ್ಟು ಬಂದರೂ ಮಗ್ಗುಲು ಬದಲಿಸಲಾಗದೆ ಹಲ್ಲು ಕಚ್ಚಿಕೊಂಡು ಬಿದ್ದಿದ್ದೆ. ಆಗ ಹೊಳೆಯಿತು. ಗುರುತು ಪರಿಚಯವಿಲ್ಲದ ಸಾಹೇಬನ ಸಾವನ್ನೇ ನುಂಗಿದವರು, ಡಾಕ್ಟರ ಮಾತಿನಲ್ಲಿ ಏನೇನು ನುಂಗಿರಬಹುದು?

"ಕಾಕಾ, ನನ್ನ ಎಡಗಣ್ಣು?"

ಪುಸ್ತಕ ಮುಚ್ಚಿದ ಸದ್ದಾಯಿತು. ಆಮೇಲೆ ನನ್ನ ಕೈ ಹಿಡಿದುಕೊಂಡರು.

"ಮೂರ್ಛೆ ಹೋಗೇತಪಾ" ಎಂದರು.