ದೊರೆ ಬಂಗಲೆಯ ಒಲೆ

ಕಲ್ಯಾಣದುರ್ಗದ ಆಚೆ, ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ಬ್ರಿಟಿಷರ ಕಾಲದ ಬಂಗಲೆಯಿದೆ. ಅಲ್ಲಿ ಚಳಿ ಕಾಯಿಸಲು ಗೋಡೆಯೊಳಗೇ ಕಟ್ಟಿಸಿದ ಒಲೆಯಿದೆ ಎಂದು ನಮ್ಮ ತಾತ ಹೇಳುತ್ತಿದ್ದರು. ಈ ಸೀಮೆಯ ಬಿಸಿಲಿನಲ್ಲಿ ಚಳಿಗೆ ಹೆದರಿ ಒಲೆ ಕಟ್ಟಿಸಿದ ಆ ಮಹಾನುಭಾವನ ದೂರದೃಷ್ಟಿಯನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಬದುಕಿನ ಕೆಲವೇ ಉನ್ನತ ಧ್ಯೇಯಗಳಲ್ಲೊಂದು. ಹೋದ ಫಾಲ್ಗುಣದಲ್ಲಿ ಹಿಂದೂಪುರದಿಂದ ಎರಡು ಬಸ್ಸು, ಒಂದು ಜೀಪು ಬದಲಿಸಿ, ಉಳಿದ ದಾರಿಯನ್ನು ಮೊಣಕಾಲುಗಳ ವಿರೋಧವನ್ನು ಲೆಕ್ಕಿಸದೆ ಹತ್ತಿದೆ.

ಕಮಾನಿನ ಜಗುಲಿ, ಆನೆ ನುಗ್ಗುವಷ್ಟು ಎತ್ತರದ ಬಾಗಿಲು. ಆ ಬಾಗಿಲಿಗೆ ಅಡ್ಡವಾಗಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು, ಬಂಗಲೆ ಕಾಯುವ ಮುದುಕಿ ಕೂತಿದ್ದಳು.

"ವದ್ದು ಸಾಮಿ, ಒಳೀಕೆ ಹೋಗಂಗಿಲ್ಲ. ಒಲೇಲಿ ಕೋಳಿ ಕಾವಿಗೆ ಕುಂತೈತೆ."

"ಒಂದ್ಸಲ ನೋಡ್ಕೊಂಡು ಬಂದ್ಬುಡ್ತೀನಿ ಕಣಮ್ಮ."

"ಹೋದ್ಸಲ ಬಂದೋನೂ ಇಂಗೇ ಅಂದ. ಫೋಟೋ ಅಂತ ಪಳ್ಳನೆ ಬೆಳಕು ಬುಟ್ಟ. ಕೋಳಿ ಬೆದರಿ ಎದ್ದೋದ್ದು ತಿರುಗಿ ಕೂರ್ಲೇ ಇಲ್ಲ. ಹನ್ನೊಂದು ಮೊಟ್ಟೇನೂ ಹಾಳಾದೊ. ಈ ಸಲ ಕುಂತು ಇವತ್ತಿಗೆ ಇಪ್ಪತ್ತೊಂದನೇ ದಿನ, ಮರಿ ಆಗೋ ಹೊತ್ತು. ಕಲ್ಮನೆ ನೆಳ್ಳಾಗೆ ಕುಂತಿರಿ, ಕೂಗ್ತೀನಿ."

ಕಲ್ಲುಮನೆಯೆಂದರೆ ಬಂಗಲೆಯ ಹಿಂದೆ ಆದಿಕಾಲದವರು ನಾಲ್ಕು ಚಪ್ಪಡಿ ನಿಲ್ಲಿಸಿ, ಐದನೆಯದನ್ನು ಮೇಲೆ ಹೊದಿಸಿದ ಗೂಡು. ಊರವರಿಗೆ ಅದು ಹಿರೀಕರ ಮನೆ. ಮುಂದಿನ ಚಪ್ಪಡಿಯ ದುಂಡು ಕಂಡಿಯಲ್ಲಿ ಮೊಟ್ಟೆಯ ಚಿಪ್ಪು ಬಿದ್ದಿತ್ತು. ಕೋಳಿಯನ್ನು ಕಾವಿಗೆ ಕೂರಿಸುವ ಮೊದಲು ಹಿರಿಯರ ಪಾಲೆಂದು ಒಂದು ಮೊಟ್ಟೆಯನ್ನು ಅಲ್ಲಿಡುವುದು ಪದ್ಧತಿ. ಹಿರಿಯರು ಸಾಮಾನ್ಯವಾಗಿ ಮುಂಗುಸಿಯ ರೂಪದಲ್ಲಿ ಬಂದು ಸ್ವೀಕರಿಸುತ್ತಾರೆ.

ಅಲ್ಲಿ ಕೂತು ಬುತ್ತಿಯ ಚಿತ್ರಾನ್ನ ಮುಗಿಸಿದೆ. ಬಂಗಲೆಯ ಪಡುವಣ ಗೋಡೆ ಹಂಚಿನಂತೆ ಕಾಯುತ್ತಿತ್ತು. ಕಲ್ಲುಮನೆಯ ನೆರಳು ಮಾತ್ರ ಮಡಕೆಯ ನೀರಿನಷ್ಟು ತಂಪು. ಇಂಜಿನಿಯರುಗಳಿಲ್ಲದ ಕಾಲವೂ ಒಂದಿತ್ತಲ್ಲ ಎಂದು ಸಮಾಧಾನಪಟ್ಟುಕೊಂಡು ಸ್ವಲ್ಪ ತೂಕಡಿಸಿದೆ.

"ಬನ್ನಿ ಸಾಮಿ. ಚಪ್ಲಿ ಅಲ್ಲೇ ಬುಡಿ. ಫೋನು ಜೇಬ್ನಾಗೇ ಇರ್ಲಿ."

ಗರ್ಭಗುಡಿ ಹೊಕ್ಕವನಂತೆ ಹೋದೆ. ಅರ್ಧ ಒಲೆಯನ್ನು ಕೋಳಿ ಮುಚ್ಚಿತ್ತು, ಉಳಿದರ್ಧವನ್ನು ಮುದುಕಿ. ರೆಕ್ಕೆಯ ಕೆಳಗಿನಿಂದ ಒಂದು ಒದ್ದೆ ತಲೆ ಇಣುಕಿತು, ಪಕ್ಕದಲ್ಲಿ ಇನ್ನೊಂದು.

"ಎಷ್ಟಾದವಮ್ಮ?"

"ಎಣಿಸ್ಬಾರ್ದು, ದಿಷ್ಟಿ ಆಯ್ತದೆ," ಎಂದವಳು ಮರುಗಳಿಗೆಯೇ ತುಟಿಯಲ್ಲೇ ಎಣಿಸತೊಡಗಿದಳು. ಮುಖ ಅರಳುತ್ತ ಹೋಯಿತು.

ಒಲೆ ಹೇಗಿತ್ತು ಎಂದು ಮನೆಯಲ್ಲಿ ಕೇಳಿದರು.

ಬೆಚ್ಚಗಿತ್ತು ಎಂದೆ.